ಹಸುವಿಗೆ ಬಾಯಿಪಾಠವಾದ ನಾಟಕ

ನಾವು ಡೆನ್ಮಾರ್ಕಿಗೆ ಹೋಗಿ ನಾಟಕ ಆಡಿ ಬಂದದ್ದಕ್ಕೆ ಸಾಕ್ಷಿಗಳಿವೆ. ಪಾಸ್‌ಪೋರ್ಟುಗಳ ಮೇಲೆ ಮುದ್ರೆಗಳಿವೆ, ಫೋಟೊಗಳಿವೆ. ಫೋಟೊಗಳಲ್ಲಿ ಕೋಲಾರ ಜಿಲ್ಲೆಯ ಏಳು ಮಕ್ಕಳು ಸಮುದ್ರದ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು, ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದಾರೆ. ಆದರೆ ಆ ಪ್ರಯಾಣದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಕ್ಯಾಲನೂರಿನ ಹತ್ತಿರದ ಒಂದು ಕೊಟ್ಟಿಗೆ. ಅಲ್ಲಿ ನಡೆದದ್ದಕ್ಕೆ ಫೋಟೊ ಇಲ್ಲ. ನನ್ನ ನೆನಪೊಂದೇ ಸಾಕ್ಷಿ, ಆ ಸಾಕ್ಷಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ನಮ್ಮ ಮೇಷ್ಟ್ರು ಒಂದು ಚಟ ಹತ್ತಿಸಿಬಿಟ್ಟಿದ್ದರು: ಯಾರಾದರೂ ‘ನಾನು ಕಂಡೆ’ ಎಂದರೆ, ಎಲ್ಲಿ ನಿಂತು ಕಂಡೆ ಎಂದು ಮೊದಲು ಕೇಳಬೇಕು. ನನ್ನನ್ನೇ ಹಾಗೆ ಕೇಳಿಕೊಂಡರೆ ಕೆಲವು ಕಡೆ ಉತ್ತರ ಸಿಗುವುದಿಲ್ಲ. ಸಿಗದ ಕಡೆ ಹಾಗೆಂದು ಹೇಳುತ್ತೇನೆ.

ನಾನು ಕೋಲಾರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ನಮ್ಮ ಶಾಲೆಯ ಸಭಾಂಗಣದಲ್ಲಿ ನಾಟಕದ ತಂಡ ಸೇರುತ್ತದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದಲೂ ಮಕ್ಕಳು ಬಸ್ಸು ಹಿಡಿದು ಬರುತ್ತಾರೆ. ನನ್ನ ಜೊತೆ ಗಣಿತದ ಮೇಡಂ ಇರುತ್ತಾರೆ. ನಾಟಕ ಹೇಗಿರಬೇಕು ಎಂದು ನಾನು ಗಂಟೆಗಟ್ಟಲೆ ಮಾತಾಡುತ್ತೇನೆ, ಅದು ನಿಜವಾಗಿ ನಡೆಯುವಂತೆ ಅವರು ನೋಡಿಕೊಳ್ಳುತ್ತಾರೆ.

ಆ ವರ್ಷ ನಾವು ಕೇಳಿಕೆಯ ಧಾಟಿಯಲ್ಲಿ ಒಂದು ಸಣ್ಣ ಆಟ ಕಟ್ಟಿದ್ದೆವು. ಕೇಳಿಕೆ ಎಂದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಆಡುವ ಬಯಲಾಟ. ಅದರಲ್ಲಿ ಸಾರಥಿ ಎಂಬ ಒಬ್ಬ ಪಾತ್ರಧಾರಿ ರಂಗದ ಮೇಲೆ ಯಾವಾಗಲೂ ಇರುತ್ತಾನೆ. ರಾಜನಾಗಲಿ ರಾಕ್ಷಸನಾಗಲಿ, ಯಾರೇ ಒಳಗೆ ಕಾಲಿಟ್ಟರೂ ಅವನು ತಡೆದು, ನೀವು ಯಾರು, ಯಾವ ಊರು, ಬಂದ ಕಾರ್ಯವೇನು ಎಂದು ವಿಚಾರಿಸುತ್ತಾನೆ. ಉತ್ತರ ಕೊಡದೆ ಯಾರೂ ಮುಂದೆ ಹೋಗುವಂತಿಲ್ಲ. ಈ ಪದ್ಧತಿಯ ಮೇಲೇ ನಮ್ಮ ಆಟ ನಿಂತಿತ್ತು. ಬಾಯಾರಿದ ರಾಜನೊಬ್ಬ ಕೆರೆಯ ಏರಿಗೆ ಬರುತ್ತಾನೆ. ಸಾರಥಿ ತಡೆಯುತ್ತಾನೆ. ರಾಜ ತನ್ನ ಬಿರುದುಗಳನ್ನೆಲ್ಲ ಹೇಳುತ್ತಾನೆ, ಸಾರಥಿ ಒಪ್ಪುವುದಿಲ್ಲ, ಮತ್ತೆ ಕೇಳುತ್ತಾನೆ. ರಾಜ ಒಂದೊಂದೇ ಬಿರುದು ಬಿಡುತ್ತ ಬರುತ್ತಾನೆ. ಕೊನೆಗೆ ಅವನ ಬಾಯಲ್ಲಿ ಉಳಿಯುವುದು ಇಷ್ಟೇ: “ಬಾಯಾರಿದೆ. ನೀರು ಕುಡಿಯೋಕೆ ಬಂದೆ.” ಆಗ ಸಾರಥಿ ದಾರಿ ಬಿಡುತ್ತಾನೆ. ದೇವರಾಯಸಮುದ್ರದ ಕೆರೆ ಏರಿಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ ಮಕ್ಕಳೇ ಆಡುತ್ತಾಡುತ್ತ ಕಟ್ಟಿದ ಕಥೆ ಇದು. ನಾನು ಕಟ್ಟಿದ್ದು ಎಂದು ಬಹಳ ದಿನ ನಂಬಿಕೊಂಡಿದ್ದೆ. ಅವತ್ತು ನಾನು ಏರಿಯ ಕೆಳಗೆ ಹಳೆಯ ಕಲ್ಲೊಂದನ್ನು ನೋಡುತ್ತ ನಿಂತಿದ್ದೆ, ಕಥೆ ಹುಟ್ಟುವಾಗ ಅಲ್ಲಿರಲೇ ಇಲ್ಲ ಎಂದು ಮೇಡಂ ಹೇಳಿದ ಮೇಲೆ ಬಿಟ್ಟುಕೊಟ್ಟೆ.

ರಾಜನ ಪಾತ್ರ ಗೌನಿಪಲ್ಲಿಯ ಹುಡುಗನದು, ನಮಗೆಲ್ಲ ಅವನು ಬರೀ ಗೌನಿಪಲ್ಲಿ. ಮಾವಿನ ತೋಟದವರ ಮನೆಯವನು, ಕನ್ನಡ ಮಾತಾಡಿದರೂ ತೆಲುಗಿನ ಹಾಗೆ ಎಳೆದು ಮಾತಾಡುವವನು. ಸಾರಥಿ ಕ್ಯಾಲನೂರಿನ ಕಡೆಯ ಒಂದು ಹುಡುಗಿ, ಒಂಬತ್ತನೇ ಕ್ಲಾಸು. ಎಲ್ಲರಿಗಿಂತ ಹೆಚ್ಚು ಮಾತು ಅವಳದೇ. ಅವಳು ಮಾತು ಹೇಳುವುದರಲ್ಲಿ ಒಂದು ತಾಳ ಇತ್ತು. ಎರಡೆರಡಾಗಿ ಬೀಳುವ, ಎಲ್ಲೂ ಅವಸರವಿಲ್ಲದ ತಾಳ. ಎಲ್ಲಿ ಕಲಿತೆ ಎಂದರೆ ನಗುತ್ತಿದ್ದಳು.

ನಮ್ಮ ಆಟವನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಆ ವಿಡಿಯೊ ಎಲ್ಲೆಲ್ಲೋ ಸುತ್ತಿ, ಡೆನ್ಮಾರ್ಕಿನ ಒಂದು ಸಣ್ಣ ಊರಿನಲ್ಲಿ ಹೈಸ್ಕೂಲು ಮಕ್ಕಳಿಗಾಗಿ ಕಲಾ ಉತ್ಸವ ನಡೆಸುವವರ ಕಣ್ಣಿಗೆ ಬಿತ್ತು. ಬನ್ನಿ ಎಂದು ಬರೆದರು. ಉಳಿಯುವುದು, ಊಟ ಅವರ ಪಾಲಿಗೆ. ಹೋಗಿ ಬರುವ ಖರ್ಚನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೂ ಶ್ರೀನಿವಾಸಪುರದ ಮಾವಿನ ಮಂಡಿಯವರೂ ವಹಿಸಿಕೊಂಡರು. ಒಂದೊಂದೇ ಮನೆಯವರು ಒಪ್ಪಿದರು. ಹುಡುಗಿಯರನ್ನು ಕಳಿಸುವುದಕ್ಕೆ ಎಲ್ಲರೂ ಹಿಂಜರಿಯುತ್ತಾರೆ ಎಂದು ನಾನು ದೊಡ್ಡ ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಮೇಡಂ ಜೊತೆಗಿದ್ದಾರೆ ಎಂದ ಕೂಡಲೇ ಮಾಲೂರಿನವರೂ ಮುಳಬಾಗಿಲಿನವರೂ ಸಹಿ ಹಾಕಿದರು, ನನ್ನ ಭಾಷಣ ಹಾಗೇ ಉಳಿಯಿತು. ಆಗುವುದಿಲ್ಲ ಎಂದವರು ಸಾರಥಿಯ ಅಪ್ಪ ಒಬ್ಬರೇ.

ನಾನೂ ಮೇಡಮ್ಮೂ ಅವರ ಮನೆಗೆ ಹೋದೆವು. ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಮನೆ, ಮನೆಗೆ ಅಂಟಿಕೊಂಡಂತೆ ಶೀಟು ಹೊದಿಸಿದ ಕೊಟ್ಟಿಗೆ, ಅದರಲ್ಲಿ ಕಪ್ಪುಬಿಳುಪಿನ ಒಂದು ಸೀಮೆಹಸು. ಹುಡುಗಿಯ ಅಮ್ಮ ನರಸಾಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹತ್ತಿಬಿಡುತ್ತಿದ್ದರು. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಅವರೆಕಾಯಿ ಎಂದು ಬರೆದೆ, ಆದರೆ ಅದು ಅವರೆಯ ಕಾಲ ಆಗಿರಲಿಕ್ಕಿಲ್ಲ. ಏನನ್ನೋ ಬಿಡಿಸುತ್ತಿದ್ದರು.

“ವಿಮಾನ ಅಂದ್ರೆ ಭಯಾನಾ?” ಎಂದು ಕೇಳಿದೆ.

“ಅಯ್ಯೋ, ಅದಲ್ಲ ಸಾರ್,” ಎಂದರು ಅಪ್ಪ. “ಹಸು.”

“ಹಸು?”

“ಅದು ಅವಳಿಗೆ ಬಿಟ್ರೆ ಇನ್ಯಾರಿಗೂ ಹಾಲು ಬಿಡಲ್ಲ. ನಾನು ಕೂತ್ಕೊಂಡ್ರೆ ಹಾಲು ಮೇಲಕ್ಕೆ ಏರಿಸ್ಕೊಂಡುಬಿಡ್ತದೆ. ಬಲವಂತ ಮಾಡಿದ್ರೆ ಒದೀತದೆ. ಎರಡು ದಿನ ಕರೀಲಿಲ್ಲ ಅಂದ್ರೆ ಕೆಚ್ಚಲು ಬಾವು ಬರ್ತದೆ. ಇವಳು ಅಷ್ಟು ದಿನ ಇಲ್ಲ ಅಂದ್ರೆ ಹಸು ಉಳಿಯಲ್ಲ ಸಾರ್.”

ಯಾಕೆ ಹಾಗೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟಿಗೆಯ ಕಡೆ ನೋಡದೆ ಹೇಳಿದರು. “ಇದರ ಕರು ಸತ್ತುಹೋಯ್ತು. ಎತ್ಕೊಂಡು ಹೋದವನು ನಾನೇ. ಅದರ ಕಣ್ಣೆದುರಿಗೇ ಎತ್ಕೊಂಡು ಹೋದೆ, ಬುದ್ಧಿ ಇರಲಿಲ್ಲ ನಂಗೆ. ಆವತ್ತಿಂದ ನಾನು ಹತ್ರ ಹೋದ್ರೆ ಸಾಕು, ಮೈ ಬಿಗಿ ಹಿಡಿಯುತ್ತೆ. ಮರ್ತಿಲ್ಲ ಅದು.”

ಹುಡುಗಿ ಬಾಗಿಲಿಗೆ ಒರಗಿಕೊಂಡು ನಿಂತಿದ್ದಳು. ಅಳುತ್ತಿರಲಿಲ್ಲ. ‘ನಾನು ಹೋಗಲ್ಲ ಸಾರ್, ಬೇರೆ ಯಾರಿಗಾದ್ರೂ ಪಾತ್ರ ಕೊಡಿ’ ಎಂದು ಅಪ್ಪನ ಪರವಾಗಿ ಅವಳೇ ಹೇಳಿಬಿಟ್ಟಳು. ಹೇಳಿದ ದನಿ ಮಾತ್ರ ಅವಳದಾಗಿರಲಿಲ್ಲ. ಅಷ್ಟು ಕೆಟ್ಟದಾಗಿ ಅವಳು ಮಾತು ಒಪ್ಪಿಸಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ವಾಪಸು ಬರುವಾಗ ಬೈಕಿನ ಹಿಂದೆ ಕೂತಿದ್ದ ಮೇಡಂ ಜೊತೆ ನಾನು, ಹಸುವಿಗೆ ಅಷ್ಟು ನೆನಪು ಇರುವುದಿಲ್ಲ ಎಂದು ವಾದ ಮಾಡಿದೆ. ನನಗೇ ಇಲ್ಲ, ಹಸುವಿಗೆ ಎಲ್ಲಿಂದ ಬಂತು? ಊರಿಗೆ ಬಂದು ಪರಿಚಯದ ಪಶುವೈದ್ಯರಿಗೆ ಫೋನು ಮಾಡಿದೆ. ನನ್ನ ವಾದಕ್ಕೆ ಬೆಂಬಲ ಸಿಗುತ್ತದೆ ಎಂದುಕೊಂಡಿದ್ದೆ. ಅವರು ನಕ್ಕರು. “ಹಾಲು ಇಳಿಯೋದು ಕೆಚ್ಚಲಿಂದ ಅಲ್ಲ ಸಾರ್, ತಲೆಯಿಂದ. ಹೆದರಿಕೊಂಡರೆ ಇಳಿಯಲ್ಲ, ಅಷ್ಟೇ. ಯಾರನ್ನ ಕಂಡರೆ ಹೆದರಿಕೆ ಇಲ್ಲವೋ ಅವರು ಕರೀಬೇಕು.”

ಮುಂದಿನ ಭಾನುವಾರ ಮತ್ತೆ ಹೋದೆವು. ಈ ಸಲ ತಂಡದ ಮಕ್ಕಳೂ ಹಿಂದೆ ಬಿದ್ದು ಬಂದರು. ಜಗಲಿಯಲ್ಲಿ ಕಾಫಿ ಕುಡಿಯುತ್ತ ನಾನು, “ಹಾಗಾದ್ರೆ ಒಂದೇ ದಾರಿ. ಅವಳು ಅಲ್ಲಿ ಸಾರಥಿಯ ಪಾತ್ರ ಮಾಡ್ಲಿ, ನೀವು ಇಲ್ಲಿ ಅವಳ ಪಾತ್ರ ಮಾಡಿ,” ಎಂದೆ. ತಮಾಷೆಗೆ ಹೇಳಿದ್ದು. ಯಾರೂ ನಗಲಿಲ್ಲ. ಅಜ್ಜಿ ಕೈಲಿದ್ದದ್ದನ್ನು ಮೊರಕ್ಕೆ ಹಾಕಿ ತಲೆ ಎತ್ತಿದರು.

“ಅಯ್ಯವಾರು ಸರಿಯಾಗೇ ಹೇಳ್ತಾವ್ರೆ,” ಎಂದರು. ಆ ಮನೆಯಲ್ಲಿ ಮೇಷ್ಟ್ರನ್ನು ತೆಲುಗಿನ ರೂಢಿಯಂತೆ ಅಯ್ಯವಾರು ಎನ್ನುತ್ತಿದ್ದರು. “ನಮ್ಮತ್ತೆ ಸತ್ತಾಗ ನಾನು ಅವಳ ಸೀರೆ ಉಟ್ಕೊಂಡೇ ಎಮ್ಮೆ ಕರೀತಿದ್ದೆ. ತಿಂಗಳುಗಟ್ಟಲೆ. ಈಗ ನಂಗೆ ಮಂಡಿ ಬಗ್ಗಲ್ಲ. ಲೇ, ನೀನು ಆ ಹುಡುಗಿ ಸ್ವೆಟರ್ ಹಾಕ್ಕೋ.”

“ಅಮ್ಮಾ, ಊರವರು ಏನಂತಾರೆ?”

“ಊರವರು ಹಾಲು ಕರೆದು ಕೊಡ್ತಾರಾ?”

ಗೌನಿಪಲ್ಲಿಯ ಹುಡುಗ ಆಗಲೇ ಎದ್ದು ನಿಂತಿದ್ದ. “ಸಾರ್, ಡೈರೆಕ್ಷನ್ ನಾನು ಮಾಡ್ಲಾ?”

ಆ ಸಂಜೆ ಕೊಟ್ಟಿಗೆಯಲ್ಲಿ ನಡೆದ ತಾಲೀಮಿನಂಥದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅಪ್ಪ ಮಗಳ ಶಾಲೆಯ ಸ್ವೆಟರಿನೊಳಗೆ ಹೇಗೋ ತೂರಿಕೊಂಡು, ತಲೆಗೆ ಅವಳ ದುಪಟ್ಟಾ ಹೊದ್ದು, ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ನಿಂತರು. ಸ್ವೆಟರು ನನ್ನ ನೆನಪಿನಲ್ಲಿ ಮೆರೂನು ಬಣ್ಣದ್ದು. ಅವಳ ಶಾಲೆಯ ಸ್ವೆಟರು ನೀಲಿ ಎಂದು ಮೇಡಂ ಹೇಳುತ್ತಾರೆ. ಮೊಣಕೈಯ ಹತ್ತಿರ ಹೊಲಿಗೆ ಪರ್ ಎಂದು ಬಿಟ್ಟಿತು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

“ಮಾವಾ, ಹಂಗೆ ಗಂಡಸರ ತರ ದಬದಬ ನಡೀಬೇಡಿ. ಅವಳು ಪಾದ ಎಳ್ಕೊಂಡು ನಡೀತಾಳೆ,” ಎಂದ ಗೌನಿಪಲ್ಲಿ.

“ನಾನು ಎಳ್ಕೊಂಡು ನಡೀತೀನಾ?” ಎಂದಳು ಹುಡುಗಿ.

“ಎಮ್ಮೆ ತರ ನಡೀತೀಯಾ ಕಣೇ. ಮಾವಾ, ಬಕೆಟ್ ಎಡಗೈಲಿ.”

“ಲೇ, ನಿಮ್ಮ ತೋಟದಾಗೆ ಕೋತಿ ಓಡಿಸೋ ಕೆಲಸ ಇಲ್ವೇನ್ಲಾ ನಿಂಗೆ?” ಎಂದರು ಅಪ್ಪ. ಆದರೆ ಬಕೆಟ್ಟನ್ನು ಎಡಗೈಗೆ ಬದಲಾಯಿಸಿದರು.

ಹಸು ಸ್ವೆಟರನ್ನು ಮೂಸಿತು. ಸುಮ್ಮನೆ ನಿಂತಿತು. ಅಪ್ಪ ಮೆಲ್ಲಗೆ ಕೂತರು. ಕೆಚ್ಚಲು ತೊಳೆದರು. ಕೈ ಹಾಕಿದ ಮೇಲೆ ಹಸುವಿನ ಕಿವಿ ಹಿಂದಕ್ಕೆ ಹೋಯಿತು, ಬೆನ್ನು ಬಿಗಿಯಿತು. ನಾವೆಲ್ಲ ಕೊಟ್ಟಿಗೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆವು. ಒಂದು ಹನಿ ಬೀಳಲಿಲ್ಲ.

“ನಾಯ್ನಾ, ಮಾತಾಡು,” ಎಂದು ಹುಡುಗಿ ಅಪ್ಪನಿಗೆ ಪಿಸುಗುಟ್ಟಿದಳು.

“ಹಸು ಹತ್ರ ಏನು ಮಾತಾಡ್ಲೇ?”

ಅವಳು ನನ್ನ ಕಡೆ ನೋಡಿದಳು, ಮೇಡಂ ಕಡೆ ನೋಡಿದಳು. ಮುಖ ಕೆಂಪಾಯಿತು. “ನಾನು ಹೇಳೋದನ್ನೇ ಹೇಳು,” ಎಂದಳು. “ನಾಟಕದ ಮಾತು.”

ಆಗ ವಿಷಯ ಹೊರಗೆ ಬಿತ್ತು. ಅವಳಿಗೆ ಪಾತ್ರ ಬಾಯಿಪಾಠ ಮಾಡಿಕೊಳ್ಳಲು ಬೇರೆ ಹೊತ್ತೇ ಸಿಗುತ್ತಿರಲಿಲ್ಲ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಶಾಲೆಗೆ ಓಡಬೇಕು, ಸಂಜೆ ಬಂದ ಕೂಡಲೇ ಮತ್ತೆ ಹಾಲು. ಹಾಗಾಗಿ ಹಸುವಿನ ಪಕ್ಕ ಕೂತು, ಕೈ ಆಡಿಸುತ್ತ ಆಡಿಸುತ್ತ, ಸಾರಥಿಯ ಮಾತನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸುತ್ತಿದ್ದಳು. ದಿನಕ್ಕೆರಡು ಸಲ. ಹಸು ಕಾಲು ಎತ್ತಿದರೆ ಮಧ್ಯದಲ್ಲಿ “ಉಂಡವೇ ತಲ್ಲೀ” ಎಂದು ತೆಲುಗಿನಲ್ಲಿ ಸಮಾಧಾನ ಮಾಡುತ್ತಿದ್ದಳು. ನಿಲ್ಲೇ ತಾಯಿ ಎಂದು ಅದರ ಅರ್ಥ. ಎಲ್ಲಿ ಕಲಿತಳೋ ಎಂದು ನಾನು ಬೆರಗಾಗಿದ್ದ ಆ ಎರಡೆರಡರ ತಾಳ, ಎರಡು ಕೈಗಳಿಂದ ಸರದಿಯಲ್ಲಿ ಬಕೆಟ್ಟಿಗೆ ಬೀಳುತ್ತಿದ್ದ ಹಾಲಿನ ತಾಳವಾಗಿತ್ತು.

“ನಂಗೆ ಬಾಯಿಪಾಠ ಬರಲ್ಲ ಸಾರ್,” ಎಂದರು ಅಪ್ಪ, ಹಸುವಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು. “ಮಗ್ಗಿ ಬರಲ್ಲ ಅಂತ್ಲೇ ನಾನು ಸ್ಕೂಲು ಬಿಟ್ಟಿದ್ದು.”

“ಇದು ಮಗ್ಗಿ ಅಲ್ಲ,” ಎಂದರು ಗಣಿತದ ಮೇಡಂ. “ಬರ್ತದೆ. ಹೇಳ್ಕೊಡ್ತೀವಿ.”

ಹುಡುಗಿ ಬಾಗಿಲಲ್ಲಿ ನಿಂತು ಒಂದೊಂದೇ ಸಾಲು ಹೇಳಿದಳು. ಅಪ್ಪ ಮೂಗಿನಿಂದ ಸಣ್ಣ ದನಿ ತೆಗೆದು ಹಿಂದೆ ಹಿಂದೆ ಹೇಳಿದರು. “ಬಂದವರು ಯಾರು? ಯಾವ ಊರು? ಬಂದ ಕಾರ್ಯವೇನು?” ಮಾಲೂರಿನ ಹುಡುಗಿ ನಗು ತಡೆಯಲಾರದೆ ಹಿಪ್ಪುನೇರಳೆ ತೋಟದೊಳಕ್ಕೆ ಓಡಿದಳು. ಎಷ್ಟನೇ ಸಾಲಿಗೋ ಗೊತ್ತಿಲ್ಲ, ಹಸುವಿನ ಕಿವಿ ಮುಂದಕ್ಕೆ ಬಂತು. ಬಕೆಟ್ಟಿನ ತಳಕ್ಕೆ ಚುರ್ ಎಂದು ಸದ್ದಾಯಿತು. ಅಪ್ಪ ಕೈ ನಿಲ್ಲಿಸಿ ನಮ್ಮ ಕಡೆ ತಿರುಗಿ ನೋಡಿದರು. “ನಿಲ್ಲಿಸ್ಬೇಡ ನಾಯ್ನಾ!” ಎಂದು ಅವಳು ಕೂಗಿದಳು.

ಹಾಗೆ ಅವರು ಒಪ್ಪಿದರು. ಉಳಿದ ದಿನಗಳಲ್ಲಿ ನಮ್ಮ ಸಾರಥಿ ಸಭಾಂಗಣದಲ್ಲಿ ಒಂದು ತಾಲೀಮು ಮುಗಿಸಿ, ಮನೆಗೆ ಹೋಗಿ ಅಪ್ಪನಿಗೆ ಇನ್ನೊಂದು ಮಾಡಿಸುತ್ತಿದ್ದಳು. ಹೊರಡುವ ಮುಂಚಿನ ದಿನಗಳಲ್ಲಿ ಹಾಲು ಕರೆದವರು ಅವರೇ. ಅವಳು ಹಸುವಿಗೆ ಕಾಣದ ಹಾಗೆ ಗೋಡೆಯ ಆಚೆ ನಿಂತು ಮರೆತ ಸಾಲು ಎತ್ತಿಕೊಡುತ್ತಿದ್ದಳಂತೆ.

ಡೆನ್ಮಾರ್ಕಿನ ಬಗ್ಗೆ ಬರೆಯಲು ನನ್ನ ಹತ್ತಿರ ಬಹಳ ಇಲ್ಲ. ಊರು ಚೊಕ್ಕಟವಾಗಿತ್ತು, ಆಕಾಶ ತಗ್ಗಾಗಿತ್ತು, ಸಂಜೆ ಎಂಬುದು ಮುಗಿಯುತ್ತಲೇ ಇರಲಿಲ್ಲ. ಬೇರೆ ಬೇರೆ ದೇಶಗಳ ಮಕ್ಕಳು ಒಂದು ಶಾಲೆಯ ಅಂಗಳದಲ್ಲಿ ಬಣ್ಣ ಹಚ್ಚಿಕೊಂಡು ಓಡಾಡುತ್ತಿದ್ದರು. ನಮ್ಮ ಮಕ್ಕಳನ್ನು ಊರಿನ ಮನೆಗಳಲ್ಲಿ ಇಬ್ಬರು ಮೂವರಂತೆ ಇರಿಸಿದ್ದರು. ಗೌನಿಪಲ್ಲಿ ಎರಡೇ ದಿನದಲ್ಲಿ ಆತಿಥೇಯರ ಅಡುಗೆಮನೆಗೆ ನುಗ್ಗಿ, ಕ್ಯಾಲನೂರಿನ ಅಜ್ಜಿ ಕಟ್ಟಿಕೊಟ್ಟಿದ್ದ ಹುರುಳಿ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಹಚ್ಚಿ ಅವರಿಗೆಲ್ಲ ತಿನ್ನಿಸಿದ್ದ.

ಸಾರಥಿ ಮಾತ್ರ ಸರಿಯಾಗಿರಲಿಲ್ಲ. ಮನೆಯಿಂದ ಬಂದ ಮೊದಲ ವಾಯ್ಸ್ ಮೆಸೇಜಿನಲ್ಲಿ ಅಪ್ಪ, “ಅರ್ಧ ಕೊಡ್ತು ಕಣಮ್ಮಾ, ಆಮೇಲೆ ನಿಲ್ಲಿಸಿಬಿಡ್ತು,” ಎಂದಿದ್ದರು. ಮರುದಿನವೂ ಅರ್ಧ. ಅದರ ಮರುದಿನ, “ಇವತ್ತು ಕೊನೇಗೆ ಬಕೆಟ್ಟೇ ಒದ್ದಾಕ್ತು. ಒಂದು ಕಡೆ ಕೆಚ್ಚಲು ಗಟ್ಟಿಯಾಗಿದೆ. ನೀನೇನೂ ಯೋಚನೆ ಮಾಡ್ಬೇಡ,” ಎಂದರು. ಯೋಚನೆ ಮಾಡಬೇಡ ಎಂದ ಮೇಲೆ ಅವಳಿಗೆ ಯೋಚನೆಯ ಹೊರತು ಬೇರೆ ಕೆಲಸ ಉಳಿಯಲಿಲ್ಲ. ತಾಲೀಮಿನಲ್ಲಿ ಎರಡು ಸಾಲು ಹೇಳಿ ಮೂರನೆಯದಕ್ಕೆ ನಿಂತುಬಿಡುತ್ತಿದ್ದಳು.

ಅವಳು ಉಳಿದಿದ್ದ ಮನೆಯವರು ಹೈನುಗಾರಿಕೆಯವರೇ ಆಗಿದ್ದರು. ಅವಳನ್ನು ಖುಷಿಪಡಿಸಲು ತಮ್ಮ ದೊಡ್ಡ ಕೊಟ್ಟಿಗೆಗೆ ಕರೆದುಕೊಂಡು ಹೋದರು. ನಾವೂ ಹೋದೆವು. ಅಲ್ಲಿ ಹಸುಗಳು ತಮಗೆ ಬೇಕೆನಿಸಿದಾಗ ತಾವೇ ನಡೆದು ಬಂದು ಒಂದು ಯಂತ್ರದೊಳಗೆ ನಿಲ್ಲುತ್ತಿದ್ದವು. ಯಂತ್ರವೇ ಕೆಚ್ಚಲು ತೊಳೆದು ಹಾಲು ಕರೆದು ಕಳಿಸಿಬಿಡುತ್ತಿತ್ತು. ಮನುಷ್ಯರೇ ಇರಲಿಲ್ಲ. ಅವಳು ಬಹಳ ಹೊತ್ತು ನೋಡಿದಳು.

“ಸಾರ್, ಇದು ಮಾತಾಡಲ್ವಾ?” ಎಂದಳು.

“ಯಂತ್ರ ಎಲ್ಲಿ ಮಾತಾಡ್ತದೆ?”

“ಮತ್ತೆ ಹಸುಗೆ ಹೆಂಗೆ ಗೊತ್ತಾಗ್ತದೆ, ಇನ್ನೂ ಮುಗಿದಿಲ್ಲ ಅಂತ?”

ಅಷ್ಟು ಹೇಳಿದವಳು ಏನೋ ಹೊಳೆದ ಹಾಗೆ ಬಾಯಿ ತೆರೆದು ಹಾಗೇ ನಿಂತಳು. ಮೇಡಂ ಹತ್ತಿರ ಫೋನು ಕೇಳಿ ಇಸಿದುಕೊಂಡಳು. ಆ ಯಂತ್ರದ ಪಕ್ಕದಲ್ಲೇ ನಿಂತು ಊರಿಗೆ ಫೋನು ಮಾಡಿದಳು.

“ನಾಯ್ನಾ, ನೀನು ಎಲ್ಲೀಗಂಟ ಹೇಳ್ತೀಯಾ?”

“ಏನು ಎಲ್ಲೀಗಂಟ?”

“ಮಾತು. ಎಲ್ಲಿ ನಿಲ್ಲಿಸ್ತೀಯಾ?”

ಅಪ್ಪನ ಉತ್ತರ ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸಿತು. “ಬಿರುದು ಬಿಡೋ ಹತ್ರ. ಆಮೇಲಿಂದು ನಂಗೆ ಬರಲ್ಲ ಕಣೇ. ನೀನು ಗೋಡೆ ಹಿಂದಿಂದ ಹೇಳ್ಕೊಡ್ತಿದ್ದೆ, ಅದಕ್ಕೆ ಬರ್ತಿತ್ತು. ಈಗ ಸುಮ್ನೆ ಕರೀತೀನಿ.”

ಆಟದ ಸರಿಯಾಗಿ ಅರ್ಧಕ್ಕೆ ಬರುವ ಜಾಗ ಅದು. ಅವರ ಮಾತು ನಿಂತ ಕಡೆ ಹಾಲೂ ನಿಲ್ಲುತ್ತಿತ್ತು. ಇದಕ್ಕೆ ಬೇರೆ ಕಾರಣ ಇರಬಹುದು: ಕೈ ದಣಿದಿರಬಹುದು, ಮಾತು ಮರೆತ ಗಾಬರಿ ಬೆರಳಿಗೆ ಇಳಿದು ಹಸುವಿಗೆ ತಿಳಿದಿರಬಹುದು. ನಾನು ಈಗಲೂ ಎರಡನೆಯದನ್ನೇ ನಂಬುತ್ತೇನೆ. ಅವತ್ತು ಅದನ್ನು ಹೇಳಲು ಬಾಯಿ ತೆರೆದೆ. ಮೇಡಂ ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿದರು.

ಅವತ್ತಿನಿಂದ ಬಿಡುವಾದಾಗಲೆಲ್ಲ ಅವಳು ಮೆಟ್ಟಿಲ ಮೇಲೋ ಅಂಗಳದ ಬೆಂಚಿನ ಮೇಲೋ ಕೂತು ಫೋನಿನಲ್ಲಿ ಉಳಿದರ್ಧ ಹೇಳಿಕೊಟ್ಟಳು. ಹೋಗಿ ಬರುವ ಬೇರೆ ದೇಶದ ಮಕ್ಕಳು, ಇದೇನೋ ನಮ್ಮ ತಯಾರಿಯ ಕ್ರಮ ಎಂದುಕೊಂಡು ಗೌರವದಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

“ಊರು ಮೊದಲು ನಾಯ್ನಾ, ಕಾರ್ಯ ಆಮೇಲೆ.”

“ಹಸುಗೆ ಎಲ್ಲಾ ಒಂದೇ ಕಣೇ.”

“ಒಂದಲ್ಲ. ಅದಕ್ಕೆ ಗೊತ್ತಾಗ್ತದೆ.”

“ನಿಮ್ಮ ಸಾರ್‌ಗಿಂತ ಹೆಚ್ಚಾಗಿ ಹೋದೆ ನೀನು.”

“ಸಾರ್ ಪಕ್ಕದಲ್ಲೇ ಇದ್ದಾರೆ.”

“ಅಯ್ಯೋ. ನಮಸ್ಕಾರ ಸಾರ್.”

ನಮ್ಮ ಆಟದ ದಿನ ಬಂತು. ನಾವು ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ಕಾಯುತ್ತಿದ್ದಾಗ ಮೇಡಮ್ಮಿನ ಫೋನಿಗೆ ಊರಿನಿಂದ ವಾಯ್ಸ್ ಮೆಸೇಜು ಬಂತು. ಅಲ್ಲಿ ಸಂಜೆಯ ಹಾಲಿನ ಹೊತ್ತು. ಕೊಡಬೇಕೋ ಬೇಡವೋ ಎಂದು ಮೇಡಂ ನನ್ನ ಮುಖ ನೋಡಿದರು. ಕೆಟ್ಟ ಸುದ್ದಿ ಇದ್ದರೆ ಆಟ ಹಾಳಾಗುತ್ತದೆ. ಬೇಡ ಎಂದೆ. ಮೇಡಂ ಕೊಟ್ಟುಬಿಟ್ಟರು.

ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಮೂಲೆಗೆ ಹೋದಳು. ಆಮೇಲೆ ನಮಗೂ ಕೇಳಿಸಿದಳು. ಮೊದಲಿಗೆ ಬರಿಯ ಸದ್ದು: ಚುರ್, ಚುರ್, ಬಕೆಟ್ಟಿನ ತಳಕ್ಕೆ. ಅದರ ಮೇಲೆ ಮೂಗಿನಿಂದ ತೆಗೆದ ಗಂಡುದನಿ, ಎರಡೆರಡಾಗಿ, ಬಂದವರು ಯಾರು ಎಂದು ಶುರುವಾಗಿ, ಬಿರುದುಗಳನ್ನು ಒಂದೊಂದೇ ತಳ್ಳಿಹಾಕಿ, ಅರ್ಧ ದಾಟಿ, ಮುಂದೆ ಮುಂದೆ ಸಾಗಿತು. ನಡುವೆ ಅಲ್ಲಲ್ಲಿ “ಉಂಡವೇ ತಲ್ಲೀ”. ಹಾಲಿನ ಸದ್ದು ಬದಲಾಗುತ್ತ ಬಂತು. ಬಕೆಟ್ಟು ತುಂಬುತ್ತಿರುವಾಗ ಬರುವ ಮೆತ್ತಗಿನ, ನೊರೆಯ ಸದ್ದು. ಕೊನೆಯ ಸಾಲಿನ ತನಕ ನಿಲ್ಲಲಿಲ್ಲ. ಹಿಂದೆ ಎಲ್ಲೋ ಅಜ್ಜಿ ತೆಲುಗಿನಲ್ಲಿ ಯಾರನ್ನೋ ಬೈಯುತ್ತಿದ್ದುದೂ ಕೇಳಿಸಿತು.

ಹುಡುಗಿ ಫೋನನ್ನು ಮೇಡಮ್ಮಿಗೆ ಕೊಟ್ಟು, ಕಣ್ಣಿನ ಕಾಡಿಗೆ ಹರಿಯದ ಹಾಗೆ ತಲೆ ಮೇಲೆತ್ತಿ ಎರಡು ಸಲ ಉಸಿರು ಎಳೆದುಕೊಂಡು, ರಂಗಕ್ಕೆ ಹೋದಳು.

ಅಷ್ಟು ಚೆನ್ನಾಗಿ ಅವಳು ಎಂದೂ ಆಡಿರಲಿಲ್ಲ. ಭಾಷೆ ಗೊತ್ತಿಲ್ಲದ ಜನ ಮುಂದಕ್ಕೆ ಬಾಗಿ ಕೂತಿದ್ದರು. ರಾಜ ಬಿರುದು ಹೇಳುತ್ತ ಅವಳನ್ನು ದಾಟಿ ಕೆರೆಗೆ ಹೋಗಲು ಕಾಲು ಎತ್ತುವ ಒಂದು ಜಾಗ ಇದೆ. ಅಲ್ಲಿ ಅವಳು ‘ನಿಲ್ಲು, ಬಂದವರು ಯಾರು’ ಎನ್ನಬೇಕು. ಅವನು ಕಾಲು ಎತ್ತಿದ. ಅವಳ ಕೈ ತಾನಾಗಿ ಅವನ ತೊಡೆಯ ಮೇಲೆ ಒಂದು ಏಟು ತಟ್ಟಿತು. “ಉಂಡವೇ ತಲ್ಲೀ!” ಎಂದಳು.

ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು. ಮೀಸೆ ಕಿರೀಟಗಳ ನಮ್ಮ ಮಹಾರಾಜ ಅವಳನ್ನು ಒಮ್ಮೆ ನೋಡಿದ. ಆಮೇಲೆ ಬಹಳ ವಿಧೇಯವಾಗಿ ಕಾಲನ್ನು ಕೆಳಗಿಟ್ಟು, “ನಿಂತೆ ಕಣಮ್ಮಾ,” ಎಂದ.

ಪರದೆಯ ಹಿಂದೆ ನಮ್ಮ ಮಕ್ಕಳು ಒಬ್ಬರ ಬಾಯಿಗೆ ಒಬ್ಬರು ಕೈ ಅಡ್ಡ ಹಿಡಿದು ನೆಲಕ್ಕೆ ಕುಸಿದರು. ಮುಂದೆ ಕೂತಿದ್ದ ಜನಕ್ಕೂ ಏನೋ ತಲುಪಿತು, ಇಡೀ ಸಭೆ ನಕ್ಕಿತು. ಮುಗಿದ ಮೇಲೆ ಒಬ್ಬ ಹೆಂಗಸು ಬಂದು, ರಾಜನಿಗೆ ಅವಳು ಏನು ಹೇಳಿದಳು ಎಂದು ಕೇಳಿದಳು. ನಾನು ಹಸು, ಅಪ್ಪ, ಸ್ವೆಟರು ಎಂದು ವಿವರಿಸಲು ಹೊರಟೆ. ಗೌನಿಪಲ್ಲಿ ನಡುವೆ ಬಂದು ತನ್ನ ಇಂಗ್ಲಿಷಿನಲ್ಲಿ, ನಮ್ಮ ಕಡೆ ರಾಜರಿಗೆ ಹಾಗೇ ಹೇಳುವುದು ಎಂದು ಮುಗಿಸಿಬಿಟ್ಟ.

ನಾವು ವಾಪಸು ಬಂದ ದಿನ ವಿಮಾನ ನಿಲ್ದಾಣದಿಂದ ಟೆಂಪೊದಲ್ಲಿ ಹೊರಟು, ಮಕ್ಕಳನ್ನು ಮನೆಗೆ ಬಿಡುತ್ತ ಬಂದೆವು. ಕ್ಯಾಲನೂರಿನ ಕಡೆ ತಿರುಗುವಾಗ ಹಾಲಿನ ಕ್ಯಾನು ಹಿಡಿದವರು ಡೇರಿಯ ಕಡೆ ಹೋಗುತ್ತಿದ್ದರು. ಹಾಲಿನ ಹೊತ್ತು. ಮನೆಯ ಮುಂದೆ ಯಾರೂ ಇರಲಿಲ್ಲ. ನಾವು ಬರುವುದು ಇನ್ನೂ ತಡ ಎಂದುಕೊಂಡಿದ್ದರೇನೋ.

ಇಲ್ಲಿಂದ ಮುಂದಿನದನ್ನು ನಾನು ಎಲ್ಲಿ ನಿಂತು ಕಂಡೆ ಎಂಬುದಕ್ಕೆ ನನ್ನಲ್ಲಿ ಗಟ್ಟಿ ಉತ್ತರ ಇಲ್ಲ. ಗೇಟಿನ ಹತ್ತಿರ, ಅವಳ ಹಿಂದೆ, ಅವಳ ಸೂಟ್‌ಕೇಸು ಹಿಡಿದುಕೊಂಡು ನಿಂತಿದ್ದೆ ಎಂದು ನನಗನಿಸುತ್ತದೆ. ಮೇಡಂ ಹೇಳುವುದೇ ಬೇರೆ: ನಾನು ಟೆಂಪೊದಿಂದ ಇಳಿಯಲೇ ಇಲ್ಲ, ಮಾಲೂರಿನ ಹುಡುಗಿ ಮರೆತು ಬಿಟ್ಟಿದ್ದ ಚೀಲವನ್ನು ಯಾರು ತಲುಪಿಸುವುದು ಎಂದು ಜಗಳ ಆಡುತ್ತಿದ್ದೆ, ಸೂಟ್‌ಕೇಸು ಹಿಡಿದಿದ್ದವರು ಅವರು. ಅವರು ಹೇಳಿದ್ದನ್ನು ಕೇಳಿ ಕೇಳಿ ಅದು ನನ್ನ ಕಣ್ಣಿಗೆ ಬಂದು ಕೂತಿರಲೂಬಹುದು. ಇರಲಿ.

ಕೊಟ್ಟಿಗೆಯಿಂದ ಆ ದನಿ ಬರುತ್ತಿತ್ತು. ಅರ್ಧ ಬಾಗಿಲಿನ ಮೇಲೆ ಅಪ್ಪನ ಬೆನ್ನು ಕಾಣುತ್ತಿತ್ತು. ಸ್ವೆಟರಿನ ತೋಳನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದರು. ಹುಡುಗಿ ಓಡಲು ಹೊರಟವಳು ಒಂದು ಹೆಜ್ಜೆಗೇ ತಡೆದುಕೊಂಡಳು. ಈಗ ಒಳಗೆ ನುಗ್ಗಿದರೆ ಹಸು ಬೆದರುತ್ತದೆ, ಹಾಲು ನಿಲ್ಲುತ್ತದೆ. ಆದರೆ ಗೇಟಿನ ಚಿಲಕ ಆಗಲೇ ಸದ್ದು ಮಾಡಿಬಿಟ್ಟಿತ್ತು.

ಒಳಗಿನ ದನಿ ಒಂದು ಕ್ಷಣ ತಡೆಯಿತು. ಅವರು ತಿರುಗಿ ನೋಡಲಿಲ್ಲ. ಕೂಗಿ ಕರೆಯಲಿಲ್ಲ. ಕರೆದರೆ ಅದು ಅವರ ಸ್ವಂತ ದನಿಯಾಗುತ್ತಿತ್ತು, ಹಸುವಿಗೆ ಗೊತ್ತಾಗುತ್ತಿತ್ತು. ಮೂಗಿನ ಆ ಸಣ್ಣ ದನಿಯಲ್ಲೇ, ಎಲ್ಲಿ ನಿಲ್ಲಿಸಿದ್ದರೋ ಅದನ್ನು ಅಲ್ಲಿಗೇ ಬಿಟ್ಟು, ಮತ್ತೆ ಮೊದಲ ಸಾಲಿಗೆ ಹೋದರು.

“ಬಂದವರು ಯಾರು? ಯಾವ ಊರು? ಬಂದ ಕಾರ್ಯವೇನು?”

ಹುಡುಗಿ ಗೇಟು ಹಿಡಿದುಕೊಂಡು ನಿಂತಿದ್ದಳು. ಅವಳಿಗೆ ಗೊತ್ತಿದ್ದುದು ಸಾರಥಿಯ ಮಾತು. ಆ ಮಾತನ್ನು ಅವರು ಹೇಳಿಯಾಗಿತ್ತು. ಅವಳ ಪಾಲಿಗೆ ಉಳಿದಿದ್ದು ರಾಜನದು. ಬಿರುದುಗಳನ್ನೆಲ್ಲ ಬಿಟ್ಟು ಕೊನೆಯ ಸಾಲನ್ನು ಹೇಳಿದಳು, ಮೆಲ್ಲಗೆ, ಹಾಲಿನ ತಾಳಕ್ಕೆ.

“ಬಾಯಾರಿದೆ. ನೀರು ಕುಡಿಯೋಕೆ ಬಂದೆ.”

ಅಪ್ಪನ ಬೆನ್ನು ಒಮ್ಮೆ ಅಲುಗಿತು. ಹಾಲು ಬೀಳುವ ಸದ್ದು ನಿಲ್ಲಲಿಲ್ಲ. ಮುಂದಿನ ಸಾಲನ್ನು ಅವರು ಎತ್ತಿಕೊಂಡರು, ಅವಳು ಗೇಟಿನ ಹೊರಗೇ ನಿಂತು ಬಕೆಟ್ಟು ತುಂಬುವುದನ್ನು ಕಾದಳು.